ತಾಳಿ ಪುಸ್ತಕದ ಕಾಳಪ್ಪಾಚಾರ್ರು

ನಾಗಮಂಗಲದ ನಮ್ಮ ಬೀದಿಯಲ್ಲಿ ಕಾಳಪ್ಪಾಚಾರ್ರ ಮನೆ ಯಾವುದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಟಕಟಕ ಎಂಬ ಸದ್ದು ಎಲ್ಲಿಂದ ಬರುತ್ತದೋ ಅದೇ ಅವರ ಮನೆ. ಅದರ ಎದುರು ಮನೆ ನಮ್ಮದು. ನಾನು ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಆ ಸದ್ದು ಕೇಳಿಯೇ ಒಲೆಯ ಮೇಲೆ ಎಸರಿಡುವುದು ನನಗೆ ರೂಢಿ. ಹೋದ ವರ್ಷ ಆಷಾಢದಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ಆ ಸದ್ದು ನಿಂತುಹೋಗಿತ್ತು. ಯಾಕೆ ನಿಂತಿತು ಎನ್ನುವುದನ್ನು ಬೀದಿಯವರು ತಮಗೆ ತೋಚಿದ ಹಾಗೆ ಹೇಳುತ್ತಾರೆ. ಮಗನ ಜೊತೆ ಜಗಳ ಅನ್ನುವವರಿದ್ದಾರೆ, ಕಣ್ಣು ಮಂಜಾಯಿತು ಅನ್ನುವವರಿದ್ದಾರೆ. ನಾನು ಕಂಡದ್ದು, ಅವರ ಹೆಂಡತಿ ಪುಟ್ಟಲಕ್ಷ್ಮಮ್ಮ ನನ್ನ ಹತ್ತಿರ ಹೇಳಿಕೊಂಡದ್ದು, ಇಷ್ಟನ್ನೇ ಬರೆಯುತ್ತೇನೆ.

ಕಾಳಪ್ಪಾಚಾರ್ರಿಗೆ ಈಗ ಎಪ್ಪತ್ತೆರಡು. ಸಣಕಲು ಆಳು. ಕನ್ನಡಕದ ಒಂದು ಕಡ್ಡಿ ಮುರಿದು ಎಷ್ಟೋ ವರ್ಷವಾಯಿತು, ಅಲ್ಲಿಗೆ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಾರೆ. ಒಂಬತ್ತನೇ ವಯಸ್ಸಿಗೆ ಅವರಪ್ಪನ ಪಕ್ಕ ಕುಲುಮೆ ಮುಂದೆ ಕೂತವರು. ಒಂದು ಕಾಲಕ್ಕೆ ಸರ, ಬಳೆ, ಜುಮುಕಿ ಎಲ್ಲ ಮಾಡುತ್ತಿದ್ದರಂತೆ. ಮೆಷಿನ್ನಿನ ಒಡವೆ ಬಂದ ಮೇಲೆ ಅವೆಲ್ಲ ಕೈತಪ್ಪಿ ಹೋದವು. ಉಳಿದದ್ದು ಕಾಲುಂಗುರ ಮತ್ತು ತಾಳಿ. ತಾಳಿ ಮಾತ್ರ ಯಾವ ಮೆಷಿನ್ನೂ ಅವರ ಕೈಯಿಂದ ಕಿತ್ತುಕೊಳ್ಳಲಿಲ್ಲ. ಯಾಕೆಂದರೆ ದೇವಲಾಪುರ, ಬಿಂಡಿಗನವಿಲೆ, ಕೆ.ಆರ್. ಪೇಟೆ, ಪಾಂಡವಪುರ ಕಡೆಯ ಇಪ್ಪತ್ತಾರು ಮನೆತನಗಳು ತಮ್ಮ ತಾಳಿಯನ್ನು ಈ ಕುಲುಮೆಯಲ್ಲಿ ಬಿಟ್ಟು ಬೇರೆಲ್ಲೂ ಮಾಡಿಸುತ್ತಿರಲಿಲ್ಲ. ಒಂದೊಂದು ಮನೆಯದು ಒಂದೊಂದು ನಮೂನೆ. ಒಬ್ಬರದಕ್ಕೆ ಅರಳಿ ಎಲೆ, ಇನ್ನೊಬ್ಬರದಕ್ಕೆ ಮೂರು ಕಾಳು, ಮತ್ತೊಬ್ಬರದಕ್ಕೆ ಅಂಚಿನಲ್ಲಿ ಹುರಿ.

ಈ ಇಪ್ಪತ್ತಾರೂ ನಮೂನೆ ಇದ್ದದ್ದು ಒಂದು ಪುಸ್ತಕದಲ್ಲಿ. ಕಾಳಪ್ಪಾಚಾರ್ರ ಅಪ್ಪ ಕಪ್ಪು ಮಸಿಯಲ್ಲಿ ಬರೆದದ್ದು. ಮನೆಗೊಂದು ಹಾಳೆ. ಮೇಲೆ ಮನೆತನದ ಹೆಸರು, ಕೆಳಗೆ ತಾಳಿಯ ಚಿತ್ರ, ಪಕ್ಕದಲ್ಲಿ ಎಷ್ಟು ಕಾಳು, ಎಷ್ಟು ಎಸಳು ಎನ್ನುವ ಲೆಕ್ಕ. ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಕೆಳಗೆ ಇಡುತ್ತಿದ್ದರು. ನಮ್ಮ ಕಡೆಯ ಹೆಂಗಸರು ತಾಳಿಯನ್ನು ರವಿಕೆಯ ಒಳಗೇ ಇಟ್ಟುಕೊಳ್ಳುವುದು. ಹೊರಗೆ ಕಾಣುವ ಹಾಗೆ ಬಿಡುವುದಿಲ್ಲ. ಅದು ಗಂಡನಿಗೆ, ಮನೆದೇವರಿಗೆ, ಮಾಡಿಕೊಟ್ಟ ಆಚಾರಿಗೆ ಬಿಟ್ಟರೆ ಯಾರ ಕಣ್ಣಿಗೂ ಬೀಳುವ ವಸ್ತುವಲ್ಲ. ಆದ್ದರಿಂದ ಒಂದು ಮನೆಯ ಹಾಳೆಯನ್ನು ಇನ್ನೊಂದು ಮನೆಯವರ ಮುಂದೆ ಕಾಳಪ್ಪಾಚಾರ್ರು ತೆರೆದವರೇ ಅಲ್ಲ. ನಲವತ್ತೈದು ವರ್ಷ ಆ ಮನೆಯಲ್ಲಿ ಬಾಳಿ, ಆ ತಾಳಿಗಳಿಗೆ ಕರಿಮಣಿ ಪೋಣಿಸಿಕೊಟ್ಟ ಪುಟ್ಟಲಕ್ಷ್ಮಮ್ಮನೂ ಪುಸ್ತಕವನ್ನು ಪೂರ್ತಿ ತಿರುವಿ ನೋಡಿದವಳಲ್ಲ.

ಇದಕ್ಕೆ ಒಂದೇ ಒಂದು ವಿನಾಯಿತಿ ಇತ್ತು. ತವರಿನ ತಾಳಿಯನ್ನೂ ಕಟ್ಟುವ ದೂರದೂರಿನ ಮನೆಗೆ ಹೆಣ್ಣುಮಕ್ಕಳು ಸೇರಿದಾಗ ಅಲ್ಲಿಯ ಆಚಾರಿ ನಮೂನೆ ನೋಡಬೇಕಾಗಿ ಬರುವುದುಂಟು. ಆಗ ಇಬ್ಬರು ಆಚಾರಿಗಳೂ ಕುಲುಮೆ ಮುಂದೆ ಕೂರಬೇಕು. ಚಿನ್ನ ತಟ್ಟುವ ಕಬ್ಬಿಣದ ಅಡಿಗಲ್ಲಿನ ಮೇಲೆ ಇಬ್ಬರೂ ಕೈಯಿಡಬೇಕು. ಆಮೇಲೆ ಇವರು ತಮ್ಮ ಪುಸ್ತಕ ತೋರಿಸಬೇಕು, ಅವರು ತಮ್ಮದು ತೋರಿಸಬೇಕು. ಒಬ್ಬ ತೋರಿಸಿದ ಮೇಲೆ ಇನ್ನೊಬ್ಬ ತೋರಿಸದೆ ಏಳುವಂತಿಲ್ಲ. ನೋಡಿದ್ದನ್ನು ಇಬ್ಬರೂ ಮೂರನೆಯವರಿಗೆ ಹೇಳುವಂತಿಲ್ಲ. ಕಾಳಪ್ಪಾಚಾರ್ರು ಹೀಗೆ ಕೈಯಿಟ್ಟದ್ದು ಬಾಳಿನಲ್ಲಿ ಮೂರೋ ನಾಲ್ಕೋ ಸಲ.

ಅವರ ಮಗ ಹೇಮಂತ್. ಅವನಿಗೂ ಕಸಬು ಕಲಿಸಿದ್ದರು, ಆದರೆ ಅವನ ಕೈ ಬೆಂಕಿ ಮುಂದೆ ಕೂರಲು ಒಪ್ಪಲಿಲ್ಲ. ಪಾಂಡವಪುರದ ಒಂದು ಒಡವೆ ಅಂಗಡಿಯಲ್ಲಿ ಎಂಟು ವರ್ಷ ಗಿರಾಕಿ ನೋಡಿಕೊಂಡಿದ್ದ. ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ದೊಡ್ಡ ಒಡವೆ ಕಂಪನಿಯ ಫ್ರಾಂಚೈಸಿ ತೆಗೆದುಕೊಂಡ. ಅಂದರೆ ಬೋರ್ಡು, ಒಡವೆ, ವ್ಯಾಪಾರದ ರೀತಿ ಎಲ್ಲಾ ಕಂಪನಿಯದು. ಅಂಗಡಿ ನಡೆಸುವವನು ಇವನು. ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ. ಕರಾರು ಪತ್ರ ಇಂಗ್ಲಿಷಿನಲ್ಲಿ ಅರವತ್ತು ಹಾಳೆಗೂ ಮೇಲಿತ್ತಂತೆ. ಹೇಮಂತನ ಹೆಂಡತಿ ಹರ್ಷಿತ ಓದಿದವಳು. ಪೂರ್ತಿ ಓದಿ ಸಹಿ ಹಾಕೋಣ ಎಂದಳಂತೆ. ಓದುತ್ತ ಕೂತರೆ ಜಾಗ ಬೇರೆಯವರ ಪಾಲಾಗುತ್ತದೆ ಎಂದು ಇವನು ಆತುರಪಟ್ಟ.

ಅಂಗಡಿ ಶುರುವಾದ ವಾರಕ್ಕೆ ಕಂಪನಿಯಿಂದ ಒಂದು ದಪ್ಪ ಪುಸ್ತಕ ಬಂತು, ಸೀಲು ಹಾಕಿದ ಲಕೋಟೆಯಲ್ಲಿ. ಒಡವೆಯನ್ನು ಹೇಗೆ ಜೋಡಿಸಬೇಕು, ಗಿರಾಕಿಗೆ ಮೊದಲು ಏನು ತೋರಿಸಬೇಕು, ಯಾವ ಮಾತು ಆಡಬೇಕು, ಎಲ್ಲಾ ಅದರಲ್ಲಿತ್ತಂತೆ. ಹೇಮಂತ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದನ್ನು ಕಾಳಪ್ಪಾಚಾರ್ರು ನೋಡಿ ಏನದು ಎಂದು ಕೇಳಿದರು.

"ಅಪ್ಪಾಜಿ, ಇದ ನಿಮ್ಗೂ ತೋರ್ಸಂಗಿಲ್ಲ. ಸಹಿ ಹಾಕಿವ್ನಿ," ಎಂದ ಅವನು.

ಬೇರೆ ಅಪ್ಪನಾಗಿದ್ದರೆ ಮುನಿಸಿಕೊಳ್ಳುತ್ತಿದ್ದ. ಇವರಿಗೆ ಖುಷಿಯಾಯಿತು. ಆ ಸಂಜೆ ಜಗಲಿಯ ಮೇಲೆ ಕೂತು ಹೆಂಡತಿಗೆ, "ಕಸುಬು ಅಂದ್ರೆ ಅಂಗಿರ್ಬೇಕು ಕಣೆ. ಅವರ್ಗೂ ಒಂದು ಪುಸ್ತಕ ಅದೆ. ಎತ್ತೋರ್ಗೂ ತೋರ್ಸದೆ ಮಡಿಕಂಡವ್ನೆ ನನ್ನ ಮಗ," ಎಂದದ್ದು ನನ್ನ ಕಿವಿಗೇ ಬಿತ್ತು. ಮುಂದಿನ ತೊಂದರೆಯೆಲ್ಲ ಆ ಖುಷಿಯಿಂದಲೇ ಬಂತು ಎಂದು ನನಗೆ ಅನ್ನಿಸುತ್ತದೆ.

ಒಂದು ವರ್ಷ ಕಳೆದ ಮೇಲೆ ಕಂಪನಿಯವನೊಬ್ಬ ಮನೆಗೆ ಬಂದ. ಸುದರ್ಶನ್ ಎಂದು ಹೆಸರು, ಶ್ರೀರಂಗಪಟ್ಟಣದವನು. ಅವನ ತಾತ ದೇವಸ್ಥಾನದ ಸೇವೆಯಲ್ಲಿದ್ದವರಂತೆ. ನಯವಾದ ಹುಡುಗ. ಕುರ್ಚಿ ಕೊಟ್ಟರೂ ಬೇಡವೆಂದು ಚಾಪೆಯ ಮೇಲೆಯೇ ಕೂತ. ಆಯಾ ಊರಿನ ಹಳೆಯ ನಮೂನೆಗಳನ್ನು ಕಂಪನಿ ಕೇಳುತ್ತಿದೆ, ನಿಮ್ಮಂಥ ಹಿರಿಯರ ಹತ್ತಿರ ಇರುತ್ತದಲ್ಲ ಎಂದ. ಕಾಳಪ್ಪಾಚಾರ್ರು ದೇವರ ಗೂಡಿನ ಕಡೆ ನೋಡಿದರಂತೆ. ಅವರ ಲೆಕ್ಕ ಅವರದು. ಕಂಪನಿಯವರು ತಮ್ಮ ಗುಟ್ಟಿನ ಪುಸ್ತಕವನ್ನು ನನ್ನ ಮಗನನ್ನು ನಂಬಿ ಕೊಟ್ಟಿದ್ದಾರೆ. ಈಗ ನಮ್ಮದನ್ನು ಕೇಳುತ್ತಿದ್ದಾರೆ. ಒಬ್ಬ ತೋರಿಸಿದ ಮೇಲೆ ಇನ್ನೊಬ್ಬ ತೋರಿಸಲೇಬೇಕು.

ಸುದರ್ಶನನನ್ನು ಕುಲುಮೆಯ ಹತ್ತಿರ ಕರೆದು ಅಡಿಗಲ್ಲಿನ ಮೇಲೆ ಕೈಯಿಡು ಎಂದರು. ಅವನು ಸ್ವಲ್ಪ ನಕ್ಕ, ಆದರೂ ಇಟ್ಟ. ಇವರೂ ಇಟ್ಟರು. ಆಮೇಲೆ ಕೆಂಪು ಬಟ್ಟೆ ಬಿಚ್ಚಿದರು. ಅವನು ಒಂದೊಂದು ಹಾಳೆಯನ್ನೂ ಫೋನಿನಲ್ಲಿ ಹಿಡಿದುಕೊಂಡ. ಇದು ಯಾಕಪ್ಪಾ ಎಂದು ಪುಟ್ಟಲಕ್ಷ್ಮಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ, ಕಂಪನಿಯಲ್ಲಿ ಎಲ್ಲಾ ಗೋಪ್ಯವಾಗಿರುತ್ತದೆ ಅಮ್ಮ ಎಂದ. ಹೊರಡುವಾಗ ಇಂಗ್ಲಿಷಿನ ಒಂದು ಹಾಳೆ ಇಟ್ಟು ಸಹಿ ಕೇಳಿದ. ಕೈಯಿಟ್ಟ ಮಾತಿಗೆ ಇದು ಅವರ ಕಡೆಯ ರೀತಿ ಇರಬೇಕು ಎಂದುಕೊಂಡು ಕಾಳಪ್ಪಾಚಾರ್ರು ಕನ್ನಡದಲ್ಲಿ ದುಂಡಗೆ ಸಹಿ ಹಾಕಿದರು.

ಅದು ಮರೆತೇಹೋಗಿತ್ತು. ಹೋದ ಆಷಾಢದಲ್ಲಿ ದೇವಲಾಪುರದ ಚಿಕ್ಕಮಾದಯ್ಯನವರ ಹೆಂಡತಿ ಸೋಮಮ್ಮ ಬಂದಳು. ಅವಳ ಕಿರಿಮಗ ಸಂತೋಷನಿಗೆ ಶ್ರಾವಣದಲ್ಲಿ ಮದುವೆ. ತಾಳಿಯ ಚಿನ್ನವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಬಸ್ಸಿಳಿದು ನಡೆದು ಬರುವಾಗ ಹೇಮಂತನ ಅಂಗಡಿಯ ಗಾಜಿನಲ್ಲಿ, ಕಂಪನಿಯಿಂದ ಹೊಸದಾಗಿ ಬಂದ ಆಳೆತ್ತರದ ಚಿತ್ರ ಕಂಡಿದ್ದಾಳೆ. ಯಾರೋ ಹುಡುಗಿ ನಗುತ್ತ ನಿಂತಿದ್ದಾಳೆ, ಅವಳ ಕತ್ತಿನಲ್ಲಿ ಸೀರೆಯ ಮೇಲೆ ತಾಳಿ. ಎರಡು ಅರಳಿ ಎಲೆ, ನಡುವೆ ಒಂದು ಕಾಳು, ಅಂಚಿಗೆ ಹುರಿ.

ನಾನು ಆಗ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದೆ. ಸೋಮಮ್ಮ ಬಂದವಳು ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಎದೆಯ ಮೇಲಿನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕಾಳಪ್ಪಾಚಾರ್ರು ಸುತ್ತಿಗೆ ಕೆಳಗಿಟ್ಟು, ಬಾ ಸೋಮಕ್ಕ ಎಂದರು.

"ಆಚಾರ್ರೇ, ನಮ್ಮತ್ತೆ ಸಾಯೋ ಗಂಟ ತನ್ನ ಒಡಹುಟ್ಟಿದೋರ್ಗೂ ಇದ ತೋರ್ಸಿರ್ನಿಲ್ಲ. ಈಗ ಬಸ್ಟ್ಯಾಂಡಲ್ಲಿ ನಿಂತಿರೋ ಗಂಡಸ್ರೆಲ್ಲ ನೋಡ್ತಾವ್ರೆ," ಎಂದಳು. ದನಿ ಏರಿಸಲಿಲ್ಲ. ಅದು ಕೇಳುವುದಕ್ಕೆ ಇನ್ನೂ ಕಷ್ಟವಾಗಿತ್ತು.

ಅವರಿಗೆ ಅರ್ಥವಾಗಲಿಲ್ಲ. ಅಂಗಿ ಹಾಕಿಕೊಂಡು ಅಂಗಡಿಯವರೆಗೆ ನಡೆದುಹೋಗಿ ನೋಡಿ ಬಂದರು. ಹೋಗುವಾಗ ನೆಟ್ಟಗೆ ಹೋದವರು ಬರುವಾಗ ಗೋಡೆ ಹಿಡಿದುಕೊಂಡು ಬಂದರು. ಸೋಮಮ್ಮ ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದಳು. ಅರಿಶಿನದ ಗಂಟನ್ನು ಅಡಿಗಲ್ಲಿನ ಪಕ್ಕದಲ್ಲಿಟ್ಟು, ಮಾಡ್ತೀರೋ ಇಲ್ವೋ ನೀವೇ ಯೋಚ್ನೆ ಮಾಡಿ ಎಂದು ಹೇಳಿ ಹೋದಳು. ಅಂದಿನಿಂದ ಸುತ್ತಿಗೆ ಸದ್ದು ನಿಂತಿತು.

ಅಪ್ಪನ ಮಾತಿಗೆ ಹೇಮಂತ್ ಆ ಚಿತ್ರ ತೆಗೆಸಿ ಎಂದು ಸುದರ್ಶನನಿಗೆ ಫೋನು ಮಾಡಿದ. ಅವನು ಮೇಲಿನವರಿಗೆ ಬರೆದ. ಮೇಲಿನವರಿಂದ ಉತ್ತರ ಬಂದದ್ದು ಕಾಗದದಲ್ಲಿ, ಒಂಬತ್ತನೇ ದಿನಕ್ಕೆ. ಹರ್ಷಿತ ಅದನ್ನು ನಡುಮನೆಯಲ್ಲಿ ಕೂತು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದಳು. ನಾನೂ ಪುಟ್ಟಲಕ್ಷ್ಮಮ್ಮನ ಪಕ್ಕ ಕೂತಿದ್ದೆ. ಆ ಇಪ್ಪತ್ತಾರು ಚಿತ್ರಗಳ ಹಕ್ಕು ಕಾಳಪ್ಪನವರ ಸಹಿಯಿಂದ ಕಂಪನಿಗೆ ಬಂದಿದೆ. ಆ ನಮೂನೆಯಲ್ಲಿ ಇನ್ನು ಮುಂದೆ ಕಂಪನಿಯಲ್ಲದೆ ಬೇರೆ ಯಾರೂ ತಾಳಿ ಮಾಡಬಾರದು. ಅದು ಈಗ ಕಂಪನಿಯ ಗೋಪ್ಯ ಮಾಹಿತಿ; ಮೂಲ ಪುಸ್ತಕವನ್ನು ಹದಿನೈದು ದಿನದೊಳಗೆ ಒಪ್ಪಿಸಬೇಕು, ನಕಲು ಇಟ್ಟುಕೊಳ್ಳಬಾರದು. ತಪ್ಪಿದರೆ ಅಂಗಡಿಯ ಕರಾರು ರದ್ದಾಗಬಹುದು.

ಕಾಳಪ್ಪಾಚಾರ್ರು ಒಂದೇ ಮಾತು ಕೇಳಿದರು. "ಗೋಪ್ಯ ಅಂತಾರೆ, ಗಾಜಿಗೆ ಅಂಟಿಸ್ತಾರೆ. ಇದ್ಯಾವ ಸೀಮೆ ಗೋಪ್ಯವವ್ವ?"

ಹರ್ಷಿತ ತಲೆ ತಗ್ಗಿಸಿ, "ನಮ್ಮಿಂದ ಗೋಪ್ಯ ಮಾವ," ಎಂದಳು.

ಮಾರನೆಯ ದಿನ ಅಪ್ಪ ಮಗ ಇಬ್ಬರೂ ಕೋರ್ಟಿನ ಹತ್ತಿರದ ವಕೀಲ ಮಹದೇವಸ್ವಾಮಿಯವರ ಬಳಿ ಹೋದರು. ಅಲ್ಲಿ ನಡೆದದ್ದನ್ನು ಕಾಳಪ್ಪಾಚಾರ್ರು ನಮ್ಮ ಮುಂದೆ ಎರಡು ಮೂರು ಸಲ ಹೇಳಿದ್ದಾರೆ, ಹಾಗಾಗಿ ನನಗೆ ಬಾಯಿಪಾಠ. ವಕೀಲರು ಕಾಗದ ಓದಿ, ಪುಸ್ತಕ ಬರೆದವರು ಯಾರು ಎಂದು ಕೇಳಿದರು. ನಮ್ಮಪ್ಪ ಎಂದರು ಇವರು. ಹಾಗಾದರೆ ಅವರ ನಂತರ ಹಕ್ಕು ನಿಮ್ಮದು, ನೀವೇ ಸಹಿ ಮಾಡಿ ಬಿಟ್ಟುಕೊಟ್ಟಿದ್ದೀರಿ ಎಂದರು ಅವರು.

"ನಂದಲ್ಲ ಸ್ವಾಮಿ. ಆ ಮನೆಗೋಳ್ದು. ನಮ್ಮಪ್ಪ ಮರೀದಿರ್ಲಿ ಅಂತ ಬರ್ಕಂಡಿದ್ದ, ಅಷ್ಟೇಯ," ಎಂದರಂತೆ ಕಾಳಪ್ಪಾಚಾರ್ರು.

ವಕೀಲರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರಂತೆ. ಕಾನೂನು ಕೇಳುವುದು ಗೆರೆ ಎಳೆದ ಕೈ ಯಾರದು ಎಂದು, ಆ ಗೆರೆ ಯಾರಿಗಾಗಿ ಎಳೆದದ್ದು ಎಂದು ಕೇಳುವುದಿಲ್ಲ ಎಂದರು. ಹಳೆಯ ನಮೂನೆ, ತಿಳಿಯದೆ ಹಾಕಿದ ಸಹಿ ಎಂದು ದಾವೆ ಹೂಡಬಹುದು, ಗೆದ್ದರೂ ಗೆಲ್ಲಬಹುದು, ಆದರೆ ವರ್ಷಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಹೇಮಂತನ ಅಂಗಡಿ ಉಳಿಯುವುದು ಕಷ್ಟ ಎಂದರು. ಪುಸ್ತಕ ಕೊಟ್ಟುಬಿಡಿ, ತಾಳಿ ಮಾಡುವುದು ನಿಲ್ಲಿಸಿ, ಅದೇ ನೆಮ್ಮದಿ ಎಂಬುದು ಅವರ ಸಲಹೆ.

ಮನೆಗೆ ಬಂದ ಮೇಲೆ ಹೇಮಂತನೂ ಅದನ್ನೇ ಹೇಳಿದ. ಅವನನ್ನು ಕೆಟ್ಟವನು ಅನ್ನಲಾರೆ. ಎರಡು ವರ್ಷ ಒದ್ದಾಡಿ ನೆಲೆ ನಿಲ್ಲಿಸಿದ ಅಂಗಡಿ, ಒಳಗೆ ನಾಲ್ಕು ಜನರ ಕೆಲಸ. "ಅಪ್ಪಾಜಿ, ನಿಮ್ಗೆ ಆ ನಮೂನೆ ಎಲ್ಲಾ ತಲೇಲೇ ಅವೆ. ಪುಸ್ತಕ ಯಾಕೆ?" ಎಂದ.

ಅವನಿಗೆ ಗೊತ್ತಿಲ್ಲದ್ದು ಪುಟ್ಟಲಕ್ಷ್ಮಮ್ಮನಿಗೆ ಗೊತ್ತಿತ್ತು. ಎರಡು ವರ್ಷದಿಂದ ಕಾಳಪ್ಪಾಚಾರ್ರಿಗೆ ಮರೆವು ಬರುತ್ತಿತ್ತು. ಮಾಡುವ ಮುಂಚೆ ಹಾಳೆಯನ್ನು ಮುಂದಿಟ್ಟುಕೊಂಡು ಮೂರು ಸಲ ನೋಡುತ್ತಿದ್ದರು. ಹೊರಗೆ ಯಾರಿಗೂ ಹೇಳಬೇಡ ಎಂದು ಹೆಂಡತಿಗೆ ಕಟ್ಟುಮಾಡಿದ್ದರು. ಮಗನ ಮಾತಿಗೆ ಅವರು ಅದನ್ನು ಹೇಳಲಿಲ್ಲ.

"ನೀನು ಸಹಿ ಹಾಕಿದ್ದು ನೀನು ಉಳಿಸ್ಕೊ ಕಣ್ಲಾ. ನಾನು ಕೈಯಿಟ್ಟಿದ್ದು ನಾನು ಉಳಿಸ್ಕತೀನಿ," ಎಂದಷ್ಟೇ ಹೇಳಿ ಎದ್ದರು.

ಆಮೇಲೆ ಅವರು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ದೇವರ ಮುಂದೆ ದೀಪ ಹಚ್ಚಿ, ಕೆಂಪು ಬಟ್ಟೆ ಬಿಚ್ಚಿ, ಪುಸ್ತಕದ ಹೊಲಿಗೆಯ ದಾರವನ್ನು ಬ್ಲೇಡಿನಿಂದ ಕತ್ತರಿಸಿದರು. ಹರಿಯಲಿಲ್ಲ, ಹಾಳೆ ಮುಕ್ಕಾಗದ ಹಾಗೆ ಒಂದೊಂದನ್ನೇ ಬಿಡಿಸಿದರು. ಪುಟ್ಟಲಕ್ಷ್ಮಮ್ಮ ಒಂದೊಂದಕ್ಕೂ ಹಳೆಯ ಪಂಚೆಯ ತುಂಡು ಸುತ್ತಿದಳು. ಇಲ್ಲಿ ಇಲ್ಲದ ಪುಸ್ತಕವನ್ನು ಯಾರೂ ಒಪ್ಪಿಸಲಾರರು ಎನ್ನುವುದು ಕಾಳಪ್ಪಾಚಾರ್ರ ಲೆಕ್ಕ. ಇದೂ ಕರಾರಿಗೆ ವಿರುದ್ಧವೇ ಎಂದು ವಕೀಲರು ಆಮೇಲೆ ಹೇಳಿದರು. ಇವರಿಗೆ ಅದು ಮೊದಲೇ ಗೊತ್ತಿದ್ದರೂ ಹಾಗೇ ಮಾಡುತ್ತಿದ್ದರು.

ಆರು ದಿನ ಗಂಡ ಹೆಂಡತಿ ಬಸ್ಸಿನಲ್ಲಿ ತಿರುಗಿದರು. ಕೆ.ಆರ್. ಪೇಟೆ ಕಡೆಯ ಏಳು ಮನೆ, ಪಾಂಡವಪುರದ ಹತ್ತಿರ ಎರಡು, ಉಳಿದವೆಲ್ಲ ನಮ್ಮ ತಾಲ್ಲೂಕಿನವು. ಪುಟ್ಟಲಕ್ಷ್ಮಮ್ಮ ಮಂಡಿನೋವಿನ ಹೆಂಗಸು, ಜೊತೆಗಿರಲಿ ಎಂದು ಬಿಂಡಿಗನವಿಲೆಗೂ ದೇವಲಾಪುರಕ್ಕೂ ನಾನೂ ಹೋದೆ.

ಪ್ರತಿ ಮನೆಯಲ್ಲೂ ಅವರು ಒಂದೇ ರೀತಿ ಮಾಡಿದರು. ಜಗಲಿಯ ಮೇಲೆ ಕೂರುತ್ತಿರಲಿಲ್ಲ. ನಿಂತುಕೊಂಡೇ ನಡೆದದ್ದನ್ನು ಹೇಳುತ್ತಿದ್ದರು, ತಪ್ಪು ನನ್ನದು ಎನ್ನುತ್ತಿದ್ದರು, ಹಾಳೆ ಕೊಡುತ್ತಿದ್ದರು. ಇನ್ನು ಯಾವ ಆಚಾರಿ ಹತ್ತಿರವಾದರೂ ಮಾಡಿಸಿ, ಹಾಳೆ ಮಾತ್ರ ಅವನ ಕೈಲಿ ಬಿಡಬೇಡಿ ಎನ್ನುತ್ತಿದ್ದರು. ಬಿಂಡಿಗನವಿಲೆಯ ಚೌಡಯ್ಯ ಕುರಿ ಹಟ್ಟಿಯಿಂದ ಬಂದು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ನಮ್ಮನೇಲಿ ರೇಷನ್ ಕಾರ್ಡೇ ಉಳಿಯಾಕಿಲ್ಲ ಆಚಾರ್ರೇ. ಇಲಿ ತಿಂದ್ಬುಡ್ತವೆ. ಇದ ನನ್ನ ತಲೆಗ್ಯಾಕೆ ಕಟ್ಟೀರಿ?" ಎಂದ.

"ನನ್ನ ಮನೇಲಿ ಅದಕ್ಕಿಂತ ದೊಡ್ಡ ಇಲಿ ತಿಂದದೆ ಚೌಡಣ್ಣ," ಎಂದರು ಇವರು. ಚೌಡಯ್ಯ ನಗಲು ಹೋದವನು ಇವರ ಮುಖ ನೋಡಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಅವನು ಹಾಳೆಗೆ ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದಾನೆಂದು ಸುದ್ದಿ ಬಂತು. ಒಂದು ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲವಂತೆ, ಹಾಳೆಯನ್ನು ಬಾಗಿಲ ಕೆಳಗಿನಿಂದ ಒಳಗೆ ತಳ್ಳಿ ಬಂದರಂತೆ. ಕೆ.ಆರ್. ಪೇಟೆಯ ಒಂದು ಮನೆಯ ಸೊಸೆ, ನಮ್ಮದು ಫೋನಿನಲ್ಲೇ ಬಂದಿದೆ, ಚೆನ್ನಾಗಿದೆ, ಕಂಪನಿಯಲ್ಲೇ ತಗೊಂಡೆವು ಎಂದಳಂತೆ. ಆ ಮಾತನ್ನು ಕಾಳಪ್ಪಾಚಾರ್ರು ನನಗೆ ಹೇಳಲಿಲ್ಲ, ಪುಟ್ಟಲಕ್ಷ್ಮಮ್ಮ ಹೇಳಿದ್ದು.

ದೇವಲಾಪುರ ಕೊನೆಯದು. ಅವರೇ ಬೇಕೆಂದು ಕೊನೆಗೆ ಇಟ್ಟುಕೊಂಡಿದ್ದರು. ಸೋಮಮ್ಮ ಮೆಟ್ಟಿಲ ಮೇಲೆ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ. ಹಾಳೆಯ ಜೊತೆ ಅರಿಶಿನದ ಗಂಟನ್ನೂ ಕಾಳಪ್ಪಾಚಾರ್ರು ಅವಳ ಮುಂದೆ ಇಟ್ಟರು. ನನಗೆ ಮಾಡಲು ಅಧಿಕಾರ ಇಲ್ಲವಂತೆ ತಾಯಿ, ಬೇರೆ ಕಡೆ ಮಾಡಿಸಿಕೊ ಎಂದರು. ಚಿಕ್ಕಮಾದಯ್ಯ ನೀರು ಕೊಡೆ ಎಂದು ಹೆಂಡತಿಗೆ ಹೇಳಿದ. ಅವಳು ಏಳಲಿಲ್ಲ. ನೀರನ್ನು ಅವನೇ ತಂದುಕೊಟ್ಟ.

ಕಾಗದ ಬಂದ ಹದಿನೈದನೇ ದಿನಕ್ಕೆ ಸುದರ್ಶನ್ ಬಂದ. ಕಾಳಪ್ಪಾಚಾರ್ರು ಅವನ ಮುಂದೆ ಕೆಂಪು ಬಟ್ಟೆಯನ್ನು ಮಡಿಸಿ ಇಟ್ಟರು. ಅದರ ಮೇಲೆ ಕತ್ತರಿಸಿದ ದಾರ.

"ಯಾರ್ದೋ ಅವರ್ಗೆ ಕೊಟ್ಬುಟ್ಟೆ. ನಿಮ್ಮ ಕಂಪನಿಗೆ ಹೇಳಿ," ಎಂದರು.

ಹುಡುಗ ಆ ದಾರವನ್ನು ಕೈಗೆತ್ತಿಕೊಂಡು ನೋಡಿದ. ನಾನು ಕಳಿಸಿದ್ದು ಅಷ್ಟೇ ಸರ್, ಮೇಲೆ ಏನು ಮಾಡುತ್ತಾರೆ ಎಂದು ನನಗೂ ಗೊತ್ತಿರಲಿಲ್ಲ ಎಂದ. ಅಡಿಗಲ್ಲಿನ ಕಡೆ ಒಮ್ಮೆ ನೋಡಿದ. ಪುಟ್ಟಲಕ್ಷ್ಮಮ್ಮ ಕಾಫಿ ತಂದಿಟ್ಟಳು. ಅವನು ಕುಡಿಯದೆ ಎದ್ದು ಹೋದ. ಅವನು ಏನು ಬರೆದನೋ ತಿಳಿಯದು. ಹೇಮಂತನಿಗೆ ಮಾತ್ರ ಮುಂದಿನ ವಾರವೇ ನೋಟಿಸು ಬಂತು.

ಶ್ರಾವಣ ಹುಟ್ಟಿತು. ಎರಡನೇ ದಿನ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಸೋಮಮ್ಮ ಬಂದಳು. ಜೊತೆಗೆ ಚಿಕ್ಕಮಾದಯ್ಯ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ನೇರ ಕುಲುಮೆಯ ಹತ್ತಿರ ಹೋಗಿ ಕೂತಳು. ಸೆರಗಿನ ಒಳಗಿನಿಂದ ಪಂಚೆಯ ತುಂಡು ಬಿಚ್ಚಿ ಹಾಳೆಯನ್ನು ನೆಲದ ಮೇಲೆ ಹರಡಿದಳು. ಪಕ್ಕದಲ್ಲಿ ಅರಿಶಿನದ ಗಂಟು. ಕೆ.ಆರ್. ಪೇಟೆಯಲ್ಲೂ ಪಾಂಡವಪುರದಲ್ಲೂ ಇಬ್ಬರು ಆಚಾರಿಗಳನ್ನು ನೋಡಿ ಬಂದರಂತೆ. ಒಬ್ಬ ಹಾಳೆಯ ಫೋಟೋ ಹಿಡಿಯುತ್ತೇನೆ ಎಂದನಂತೆ, ಇನ್ನೊಬ್ಬ ಹಾಳೆಯನ್ನು ಬಿಟ್ಟು ಹೋಗಿ ಎಂದನಂತೆ.

ಕಾಳಪ್ಪಾಚಾರ್ರು ಮುಟ್ಟಲಿಲ್ಲ. ಮಾಡಿದರೆ ಮಗನ ಅಂಗಡಿಗೆ ಇನ್ನೊಂದು ಕಾಗದ ಬರುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಹೇಮಂತ್ ಅಂಗಡಿಗೆ ಹೊರಟವನು ನಡುಮನೆಯಲ್ಲೇ ನಿಂತಿದ್ದ. ಸೋಮಮ್ಮ ಅವನ ಕಡೆ ತಿರುಗಲಿಲ್ಲ.

"ಹಾಳೆ ನಂದು, ಚಿನ್ನ ನಂದು. ನಾನಿಲ್ಲೇ ಕೂತಿರ್ತೀನಿ. ಮುಗಿದ ಮ್ಯಾಲೆ ಎರಡೂ ಎತ್ಕಂಡು ಓಯ್ತೀನಿ. ನಿಮ್ ತಾವ ಏನೂ ಉಳಿಯಾಕಿಲ್ಲ. ಉಳೀದೆ ಇರೋದ ಯಾರು ಕೇಳಾರು, ಮಾಡಿ," ಎಂದಳು.

ಅವರು ಮಗನನ್ನು ನೋಡಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬೇಡ ಅನ್ನಲಿಲ್ಲ, ಅಷ್ಟೆ. ಕಾಳಪ್ಪಾಚಾರ್ರು ಕನ್ನಡಕದ ದಾರವನ್ನು ಕಿವಿಗೆ ಸುತ್ತಿಕೊಂಡು ಹಾಳೆಯ ಮೇಲೆ ಬಗ್ಗಿದರು. ಅವರಪ್ಪ ಎಳೆದ ಗೆರೆಯನ್ನು ಬೇರೆ ಯಾರದೋ ಮನೆಯ ವಸ್ತುವನ್ನು ನೋಡುವ ಹಾಗೆ ನೋಡಿದರು. ಎರಡು ಎಲೆಯೋ ಮೂರೋ ಎಂದು ಬೆರಳಿಟ್ಟು ಎಣಿಸಿದರು. ಆಮೇಲೆ ಸದ್ದು ಶುರುವಾಯಿತು. ನಾನು ಒಳಗೆ ಹೋಗಿ ಎಸರಿಟ್ಟೆ.

ಸಂಜೆ ನಾಲ್ಕರವರೆಗೂ ಸೋಮಮ್ಮ ಕೂತಲ್ಲಿಂದ ಏಳಲಿಲ್ಲ. ಊಟವನ್ನೂ ಅಲ್ಲೇ ಮಾಡಿದಳು. ಪುಟ್ಟಲಕ್ಷ್ಮಮ್ಮ ಕರಿಮಣಿ ಪೋಣಿಸಿ ಕೊಟ್ಟ ಮೇಲೆ ತಾಳಿಯನ್ನು ಕಣ್ಣಿಗೊತ್ತಿಕೊಂಡು, ಹಾಳೆ ಸುತ್ತಿ ಸೆರಗಿನೊಳಗೆ ಸೇರಿಸಿಕೊಂಡು ಹೋದಳು. ಹೋಗುವಾಗ, ಮದುವೆಗೆ ಇಬ್ಬರೂ ಬನ್ನಿ ಎಂದಳು. ಅವರು ಹೋಗಲಿಲ್ಲ.

ಹೇಮಂತನ ಅಂಗಡಿಯ ಗಾಜಿನಿಂದ ಆ ಚಿತ್ರ ಇಳಿದಿದೆ. ಮಂಡ್ಯದಲ್ಲಿ, ಮೈಸೂರಿನಲ್ಲಿ ಇನ್ನೂ ಇದೆಯಂತೆ. ಅಂಗಡಿಯ ಕರಾರು ಬರುವ ಯುಗಾದಿಯವರೆಗೆ ಇದೆ, ಆಮೇಲೆ ಏನೆಂದು ಅವನಿಗೂ ಗೊತ್ತಿಲ್ಲ. ಅಪ್ಪ ಮಗ ಒಂದೇ ಹೊತ್ತಿಗೆ ಊಟಕ್ಕೆ ಕೂರುತ್ತಾರೆ, ಮಾತು ಕಡಿಮೆ. ಸೋಮಮ್ಮನ ಹಾಗೆ ಹಾಳೆ ಹಿಡಿದುಕೊಂಡು ಬಂದ ಮನೆಗಳು ಈವರೆಗೆ ಮೂರು. ಪ್ರತಿ ಸಲವೂ ಹಾಳೆಯವರು ಮುಗಿಯುವ ತನಕ ಪಕ್ಕದಲ್ಲೇ ಕೂತಿರುತ್ತಾರೆ. ಉಳಿದ ದಿನ ಕಾಳಪ್ಪಾಚಾರ್ರು ಬೆಳಿಗ್ಗೆ ಎಂಟಕ್ಕೆ ಕುಲುಮೆ ಮುಂದೆ ಕೂತು ಕಾಲುಂಗುರ ತಟ್ಟುತ್ತಾರೆ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಬಸ್ಸು ಬರುವ ಹೊತ್ತಿಗೆ ಒಮ್ಮೆ ಬೀದಿಯ ತುದಿಗೆ ನೋಡುತ್ತಾರೆ.